ಟೆನರ್: ಎತ್ತರದ ದನಿಯೋ, ಎಳೆದು ಹಿಡಿದ ದನಿಯೋ?

ಪ್ರಶ್ನೆ: ಚರ್ಚ್ ಕಾಯಿರ್‌ನಲ್ಲಿ ಟೆನರ್ ಹಾಡುತ್ತೇನೆ. ಗಂಡಸರಲ್ಲಿ ಮೇಲಿನ ದನಿ ನಮ್ಮದು. ಆದರೆ ಈ ಹೆಸರು ‘ಹಿಡಿ’ ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂತಂತೆ. ಎತ್ತರಕ್ಕೂ ಹಿಡಿಯೋದಕ್ಕೂ ಏನು ಸಂಬಂಧ? ಆಲ್ಟೋ ಅಂದರೆ ‘ಎತ್ತರ’ವಂತೆ, ಮತ್ತೆ ಹೆಂಗಸರ ಕೆಳಗಿನ ದನಿಗೆ ಆ ಹೆಸರು ಯಾಕೆ?
– ಒಬ್ಬ ಓದುಗ, ಮಂಗಳೂರು

ಉತ್ತರ: ಸಂಬಂಧ ಏನೂ ಇಲ್ಲ. ಟೆನರ್ ಮೊದಲು ಒಂದು ಕೆಲಸದ ಹೆಸರಾಗಿತ್ತು. ‘ತೆನೇರೆ’ ಅಂದರೆ ಹಿಡಿಯುವುದು, ಅಷ್ಟೇ.

12ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಗಾಯಕರು ಹಳೆಯ ಪ್ರಾರ್ಥನಾ ಗೀತೆಗಳ ಮೇಲೆ ಹೊಸ ದನಿಗಳನ್ನು ಹೆಣೆಯುತ್ತಿದ್ದರು. ಇದಕ್ಕೆ ಆರ್ಗನುಮ್ ಎಂದು ಹೆಸರು. ಹಳೆಯ ಗೀತೆಯ ಒಂದೊಂದೇ ಸ್ವರವನ್ನು ಉದ್ದಕ್ಕೆ ಎಳೆದು ಹಿಡಿಯುವ ದನಿಯೇ ಟೆನರ್. ಪೆರೊತಾಂ ಎಂಬ ರಚನಕಾರನ ‘ವಿದೆರುಂತ್ ಓಮ್ನೆಸ್’ ಒಮ್ಮೆ ಕೇಳಿ ನೋಡಿ. ಟೆನರ್ ‘ವಿ’ ಅಂತ ಶುರು ಮಾಡುತ್ತದೆ. ಮೇಲೆ ಮೂರು ದನಿಗಳು ಕುಣಿದು ಕುಪ್ಪಳಿಸುತ್ತವೆ, ಆ ‘ವಿ’ ಮಾತ್ರ ಮುಗಿಯೋದೇ ಇಲ್ಲ! ನಮ್ಮ ಕಿವಿಗೆ ಶ್ರುತಿಪೆಟ್ಟಿಗೆ ಥರ ಕೇಳಿಸುತ್ತೆ, ಅಲ್ವಾ? ಆದರೆ ಶ್ರುತಿ ಕದಲುವುದಿಲ್ಲ. ಟೆನರ್ ನಿಧಾನಕ್ಕೆ ಮುಂದಿನ ಸ್ವರಕ್ಕೆ ಹೋಗುತ್ತದೆ, ಯಾಕೆಂದರೆ ಅದು ಹಿಡಿದಿರುವುದು ಒಂದು ಇಡೀ ಹಾಡನ್ನು. ಆಗ ಟೆನರ್ ಇದ್ದದ್ದು ಎಲ್ಲ ದನಿಗಳ ಕೆಳಗೆ.

ಹಾಗಾದರೆ ಮೇಲೆ ಬಂದದ್ದು ಹೇಗೆ? ಅದು ಏರಲಿಲ್ಲ, ಅದರ ಕೆಳಗೆ ಇನ್ನೊಂದು ದನಿ ಬಂತು. 14ನೇ ಶತಮಾನದ ಹೊತ್ತಿಗೆ ‘ಕೊಂಟ್ರಾಟೆನರ್’ ಎಂಬ ಜೊತೆ ದನಿ ಬಳಕೆಯಲ್ಲಿತ್ತು. ಅದು ಹೆಚ್ಚುಕಡಿಮೆ ಟೆನರ್‌ನ ಮಟ್ಟದಲ್ಲೇ ಓಡಾಡಿಕೊಂಡಿತ್ತು. 15ನೇ ಶತಮಾನದಲ್ಲಿ ಅದು ಎರಡಾಯಿತು: ಟೆನರ್‌ಗಿಂತ ಮೇಲಿನದು ‘ಕೊಂಟ್ರಾಟೆನರ್ ಆಲ್ಟುಸ್’, ಕೆಳಗಿನದು ‘ಕೊಂಟ್ರಾಟೆನರ್ ಬಾಸುಸ್’. ಉದ್ದ ಹೆಸರು ಸವೆದು ಆಲ್ಟೋ, ಬೇಸ್ ಉಳಿದವು. ಅಂದರೆ ಆಲ್ಟೋ ಎತ್ತರ ಅನ್ನೋದು ಟೆನರ್‌ಗೆ ಹೋಲಿಸಿ ಮಾತ್ರ. ಚರ್ಚುಗಳಲ್ಲಿ ಅದನ್ನು ಹಾಡುತ್ತಿದ್ದವರೂ ಗಂಡಸರು, ಹುಡುಗರೇ. ಮುಂದೆ ಹೆಂಗಸರು ಆ ಭಾಗ ಹಾಡತೊಡಗಿದರೂ ಹೆಸರು ಹಾಗೇ ಉಳಿಯಿತು.

ಅಂದಹಾಗೆ, ಇಂಗ್ಲೆಂಡಿನ ಚರ್ಚ್ ಗಂಟೆಗಳ ಸಾಲಿನಲ್ಲಿ ಎಲ್ಲಕ್ಕಿಂತ ಭಾರದ, ಕೆಳಸ್ವರದ ಗಂಟೆಗೆ ಈಗಲೂ ಟೆನರ್ ಅಂತಲೇ ಕರೆಯುತ್ತಾರೆ.

ಟೆನರ್ ಅಂದಕೂಡಲೇ ನಮಗೆ ನೆನಪಾಗುವ ಆ ತಾರಸ್ವರದ ಅಬ್ಬರ ತೀರಾ ಈಚಿನದು. 1837ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಜಿಲ್ಬೆರ್ ದ್ಯುಪ್ರೆ ಎಂಬ ಟೆನರ್ ಗಾಯಕ, ರೊಸ್ಸೀನಿ ರಚಿಸಿದ ‘ವಿಲಿಯಂ ಟೆಲ್’ ಎಂಬ ಹಾಡುನಾಟಕದಲ್ಲಿ ಹಾಡುವಾಗ ಮೇಲಿನ ಸಿ ಸ್ವರವನ್ನು ಎದೆ ತುಂಬಿ ಹೊಡೆದ. ಅದಕ್ಕೂ ಮುಂಚೆ ಟೆನರ್‌ಗಳು ಅಷ್ಟು ಮೇಲೆ ಹೋದಾಗ ದನಿ ಹಗುರ ಮಾಡಿಕೊಳ್ಳುತ್ತಿದ್ದರು. ಜನ ಹುಚ್ಚೆದ್ದರು. ರೊಸ್ಸೀನಿಗೆ ಮಾತ್ರ ಅದು ಒಂಚೂರೂ ಹಿಡಿಸಲಿಲ್ಲ.