ಓದುಗರ ಪ್ರಶ್ನೆ: ಅಗ್ಗದ ಕ್ಯಾಸಿನೊ ಹೋಟೆಲ್, ಹೊಸದಾದ ಕೋಣೆ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು, ಅಳಿಯಂದಿರ ಜೊತೆ ಲಾಸ್ ವೇಗಸ್‌ನಲ್ಲಿ ಎರಡು ರಾತ್ರಿ ಉಳಿಯಬೇಕೆಂದಿದ್ದೇವೆ. ಹಳೆಯ ಕ್ಯಾಸಿನೊ ಹೋಟೆಲೊಂದನ್ನು ನವೀಕರಿಸಿದ್ದಾರಂತೆ, ಬಾಡಿಗೆ ರಾತ್ರಿಗೆ 40 ಡಾಲರ್ ಅಂತೆ. ನಾವು ಜೂಜಾಡುವವರಲ್ಲ. ನಂಬಬಹುದೆ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ನಂಬಬಹುದು, ಆದರೆ 40 ಡಾಲರಿಗೆ ಲೆಕ್ಕ ಮುಗಿಯುವುದಿಲ್ಲ. ಕೆಳಗೆ ಆಟದಲ್ಲಿ ದುಡ್ಡು ಬರುತ್ತದೆಂದೇ ಮೇಲಿನ ಕೋಣೆ ಅಗ್ಗ. ಆಡದವರಿಗೂ ಅದೇ ದರ. ಅದಕ್ಕೆ ‘ರೆಸಾರ್ಟ್ ಫೀ’ ಸೇರುತ್ತದೆ. ವೈಫೈ, ಜಿಮ್ ಬಳಸದಿದ್ದರೂ ಕಟ್ಟಲೇಬೇಕು. ಫೀ ರಾತ್ರಿಗೆ 40 ಡಾಲರ್ ಎಂದಿಟ್ಟುಕೊಂಡರೆ ಬಾಡಿಗೆ ಸೇರಿ ಎರಡು ರಾತ್ರಿಗೆ 160, ಅದರ ಮೇಲೆ ಸುಮಾರು 13% ತೆರಿಗೆ, ಒಟ್ಟು 181 ಡಾಲರ್. ಕಡ್ಡಾಯ ಫೀ ಸೇರಿಸಿಯೇ ದರ ತೋರಿಸಬೇಕೆಂಬ ನಿಯಮ 2025ರ ಮೇ 12ರಿಂದ ಇದೆ, ತೆರಿಗೆ ಹೊರಗಿರಬಹುದು. ಹಣ ಕಟ್ಟುವ ಮುನ್ನ ಕೊನೆಯಲ್ಲಿ ಕಾಣುವ ಮೊತ್ತವನ್ನಷ್ಟೇ ಹೋಲಿಸಿ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ಬಿಟ್ಟುಬಿಡಿ, ಅದೇ ಕೋಣೆ ದುಪ್ಪಟ್ಟಾಗುವುದು ಮಾಮೂಲು.

ಈಗ ನವೀಕರಣದ ಮಾತು. ಹೋಟೆಲ್ ಮುಚ್ಚದೆ ಒಂದೊಂದೇ ಟವರ್ ಕೆಲಸ ಮಾಡಿಸುವುದರಿಂದ ಹಳೆ ಕೋಣೆಗಳೂ ಅದೇ ಹೆಸರಿನಲ್ಲಿ ಮಾರಾಟಕ್ಕಿರುತ್ತವೆ. ಎಲ್ಲಕ್ಕಿಂತ ಅಗ್ಗದ ‘ರನ್ ಆಫ್ ಹೌಸ್’ ಬುಕ್ ಮಾಡಿದರೆ ಅವರು ಕೊಟ್ಟದ್ದೇ ಕೋಣೆ. ಹೊಸ ಟವರ್‌ನ ಹೆಸರಿರುವ ಕೋಣೆಯನ್ನೇ ಆರಿಸಿ. ಫೋನ್ ಮಾಡಿ ಎರಡು ವಿಷಯ ಕೇಳಿ: ಬಚ್ಚಲುಮನೆಯೂ ಹೊಸದೆ? ಪಕ್ಕದಲ್ಲಿ ಇನ್ನೂ ಕೆಲಸ ನಡೆಯುತ್ತಿದೆಯೆ? ಎಷ್ಟೋ ಕಡೆ ಬಣ್ಣ, ಕಾರ್ಪೆಟ್, ಮಂಚ, ಟಿವಿ ಮಾತ್ರ ಬದಲಾಗಿ ಪೈಪು, ಎಸಿ ಹಳೆಯವೇ ಉಳಿದಿರುತ್ತವೆ.

ಪೆಟ್ಟಿಗೆ ಬಿಚ್ಚುವ ಮುನ್ನವೇ ಪರೀಕ್ಷಿಸಿ. ಸಾಮಾನು ಹರಡಿದ ಮೇಲೆ ಕೋಣೆ ಬದಲಿಸುವುದು ತಲೆನೋವು. ಷವರ್ ಎರಡು ನಿಮಿಷ ಬಿಡಿ. ಟೈಲ್ಸ್ ಸಂದಿಗೆ ತುಂಬಿದ ಸಿಮೆಂಟು ಮೋರಿಗೆ ಇಳಿದು ಗಟ್ಟಿಯಾಗಿದ್ದರೆ ನೀರು ಕಾಲ ಬಳಿಯೇ ನಿಲ್ಲುತ್ತದೆ. ಹೊಸ ಬಣ್ಣ, ಕಾರ್ಪೆಟ್ ಅಂಟಿನ ವಾಸನೆ ಮೂಗಿಗೆ ಹೊಡೆದರೆ ಬೇರೆ ಕೋಣೆ ಕೇಳಿ, ಏಕೆಂದರೆ ಅಲ್ಲಿನ ಟವರ್‌ಗಳ ಕಿಟಕಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಉಬ್ಬಸ ಇದ್ದವರು ಮೊದಲೇ ಹೇಳಿಡಬೇಕು. ಕ್ಯಾಸಿನೊ ಒಳಗೆ ಸಾಮಾನ್ಯವಾಗಿ ಸಿಗರೇಟಿಗೆ ಅಡ್ಡಿಯಿಲ್ಲ, ಲಿಫ್ಟಿಗೆ ದಾರಿಯೂ ಹೆಚ್ಚಾಗಿ ಅದರ ಮೂಲಕವೇ. ಆದ್ದರಿಂದ ಧೂಮಪಾನವಿಲ್ಲದ ಮೇಲಿನ ಮಹಡಿ ಕೇಳಿ.

ಅಗ್ಗದ ಕೋಣೆಗಳಲ್ಲಿ ಕೆಟಲ್ ಇರುವುದು ಅಪರೂಪ. ಊರಿನ ಕೆಟಲ್ ಒಯ್ದು ಪ್ರಯೋಜನವಿಲ್ಲ: ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮ 1500 ವಾಟ್‌ನದು ಸುಮಾರು 400 ವಾಟ್‌ನಷ್ಟೇ ಕಾಯುತ್ತದೆ. ಮಗಳ ಮನೆಯದ್ದನ್ನೇ ತನ್ನಿ, ಬಳಸಲು ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ. ಅವಲಕ್ಕಿ ಜೊತೆಗಿರಲಿ.

ಪ್ರಶ್ನೆ: ಅಂಥ ಹೋಟೆಲಿಗೆ 10 ವರ್ಷದ ಮೊಮ್ಮಗನನ್ನು ಕರೆದೊಯ್ಯಬಹುದೆ? ಅಡ್ವಾನ್ಸ್‌ಗೆ ಯಾವ ಕಾರ್ಡು?
– ಓದುಗರು, ತಿಪಟೂರು

ಉತ್ತರ: ಕರೆದೊಯ್ಯಬಹುದು. 21 ವರ್ಷ ತುಂಬದವರು ಕ್ಯಾಸಿನೊ ದಾಟಿ ಹೋಗಬಹುದು, ಜೂಜಿನ ಯಂತ್ರಗಳ ಬಳಿ ನಿಲ್ಲುವಂತಿಲ್ಲ. ಕ್ರೆಡಿಟ್ ಕಾರ್ಡೇ ಲೇಸು. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡಾದರೆ ಠೇವಣಿಗೆ ನಿಮ್ಮ ಹಣವನ್ನೇ ತಡೆಹಿಡಿಯುತ್ತಾರೆ, ಕೋಣೆ ಖಾಲಿ ಮಾಡಿದ ಮೇಲೂ ಅದು ಮರಳಲು ದಿನಗಳು ಬೇಕು. ಕೋಣೆಯಲ್ಲಿ ಮಿನಿಬಾರ್ (ದುಡ್ಡಿಗೆ ಕೊಡುವ ಪಾನೀಯ, ತಿಂಡಿ ಇಟ್ಟ ಪುಟ್ಟ ಫ್ರಿಜ್) ಇದ್ದರೆ ಮೊಮ್ಮಗನಿಗೆ ಮೊದಲೇ ಹೇಳಿ: ಹಲವು ಕಡೆ ಕೆಳಗೆ ಸೆನ್ಸರ್ ಇದ್ದು, ಬಾಟಲಿ ಎತ್ತಿ ನೋಡಿದರೂ ಬಿಲ್ಲಿಗೆ ಸೇರುತ್ತದೆ.