ಛೇದ ಎಲ್ಲಿ? (ಫುಟ್‌ಬಾಲ್ ಲೆಕ್ಕದ ಪ್ರಶ್ನೋತ್ತರ)

ಫುಟ್‌ಬಾಲಿನ ಅಂಕಿಅಂಶದ ಬಗ್ಗೆ ಏನಿದ್ದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಆಟಗಾರ್ತಿಯಲ್ಲ. ಮಂಗಳೂರಿನ ಕಾಲೇಜೊಂದರಲ್ಲಿ 31 ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು. ತಮ್ಮ ನೆಹರೂ ಮೈದಾನದಲ್ಲಿ ಆಡುವಾಗ ಕೊಡೆ ಹಿಡಿದು ಪಕ್ಕದಲ್ಲಿ ಕೂತು ಗೀಚುತ್ತಿದ್ದೆ, ಅಷ್ಟೇ ನನ್ನ ಅರ್ಹತೆ.

ಪ್ರಶ್ನೆ: 2022ರ ವಿಶ್ವಕಪ್‌ನ ಅರ್ಜೆಂಟೀನಾ-ಸೌದಿ ಅರೇಬಿಯಾ ಪಂದ್ಯದಲ್ಲಿ ಚೆಂಡು ಬಹುಪಾಲು ಅರ್ಜೆಂಟೀನಾದವರ ಕಾಲಲ್ಲೇ ಇತ್ತು. ಆದರೂ ಸೌದಿ ಅರೇಬಿಯಾ ಗೆದ್ದಿತು. ಹಾಗಾದರೆ ಟಿವಿಯಲ್ಲಿ ತೋರಿಸುವ ಪೊಸೆಷನ್ ಶೇಕಡಾಕ್ಕೆ ಏನು ಬೆಲೆ?
(ಬಿ.ಕಾಂ. ವಿದ್ಯಾರ್ಥಿ, ಧಾರವಾಡ)

ಉತ್ತರ: ಬೆಲೆ ಇದೆ, ಟಿವಿಯವರು ಹೇಳುವಷ್ಟಿಲ್ಲ. ಚೆಂಡು ಯಾರ ಬಳಿ ಇತ್ತು ಅನ್ನುವುದನ್ನು ಅದು ಹೇಳುತ್ತದೆ. ಎಲ್ಲಿತ್ತು, ಅಲ್ಲಿದ್ದು ಏನಾಯಿತು ಅನ್ನುವುದನ್ನು ಹೇಳುವುದಿಲ್ಲ. ಅದೇ ವಿಶ್ವಕಪ್‌ನಲ್ಲಿ ಸ್ಪೇನ್ ಮೊರಾಕ್ಕೊ ಎದುರು ಸಾವಿರಕ್ಕೂ ಹೆಚ್ಚು ಪಾಸ್ ಮಾಡಿತು. 120 ನಿಮಿಷದಲ್ಲಿ ಗೋಲು ಸೊನ್ನೆ, ಆಮೇಲೆ ಪೆನಾಲ್ಟಿಯಲ್ಲಿ ಹೊಡೆದ ಮೂರಕ್ಕೆ ಮೂರೂ ತಪ್ಪಿದವು. 2018ರಲ್ಲಿ ರಷ್ಯಾ ಎದುರೂ ಸಾವಿರ ಪಾಸ್ ದಾಟಿ ಪೆನಾಲ್ಟಿಯಲ್ಲೇ ಸೋತು ಮನೆಗೆ ಹೋಗಿತ್ತು. 2014ರಲ್ಲಿ ಬ್ರೆಜಿಲ್ ಜರ್ಮನಿಗೆ 1-7ರಲ್ಲಿ ಸೋತ ದಿನ ಚೆಂಡೂ ಹೆಚ್ಚು ಹೊತ್ತು ಬ್ರೆಜಿಲ್ ಬಳಿಯೇ ಇತ್ತು, ಒಟ್ಟು ಹೊಡೆತಗಳೂ ಅವರವೇ ಹೆಚ್ಚು. ಮೂರು ಗೋಲು ಬಿದ್ದ ಮೇಲೆ ಯಾರಾದರೂ ಹೊಡೆಯಲೇಬೇಕಲ್ಲ!

ನಿಮ್ಮ ಪಂದ್ಯಕ್ಕೆ ಬರೋಣ. ಹೊಡೆತಗಳು ಅರ್ಜೆಂಟೀನಾದ್ದು 15, ಸೌದಿಯದ್ದು 3. ಆ ಮೂರರಲ್ಲಿ ಎರಡು ಗೋಲಾದವು. ಅದು ದಿನವೂ ಆಗುವ ಮಾತಲ್ಲ. ಆದರೆ ಅದೃಷ್ಟ ಎಂದು ಮುಗಿಸುವ ಮುಂಚೆ ಇನ್ನೊಂದು ಅಂಕಿ ನೋಡಿ: ಅರ್ಜೆಂಟೀನಾ 10 ಸಲ ಆಫ್‌ಸೈಡ್ ಆಯಿತು, ಅಂದರೆ ಪಾಸ್ ಹೊರಡುವ ಹೊತ್ತಿಗೇ ಅವರ ಆಟಗಾರ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ನಿಂತಿದ್ದ. ಮೊದಲಾರ್ಧದಲ್ಲೇ ಮೂರು ಗೋಲು ಹಾಗೆ ರದ್ದಾದವು. ಸೌದಿಯ ಕೋಚ್ ಹರ್ವೆ ರೆನಾರ್ ರಕ್ಷಣಾ ಸಾಲನ್ನು ಮೈದಾನದ ಮಧ್ಯಗೆರೆಯತ್ತ ಎಳೆದು ನಿಲ್ಲಿಸಿದ್ದರು. ಒಂದು ಗೇಣು ಲೆಕ್ಕ ತಪ್ಪಿದ್ದರೆ ವಿರಾಮಕ್ಕೇ 4-0. ಆ ಧೈರ್ಯ ಪೊಸೆಷನ್ ಪಟ್ಟಿಯಲ್ಲಿ ಕಾಣುವುದಿಲ್ಲ, ಆ 10ರಲ್ಲಿ ಕಾಣುತ್ತದೆ.

ಪ್ರಶ್ನೆ: ಸ್ಕೋರಿನ ಕೆಳಗೆ ‘ಎಕ್ಸ್‌ಜಿ 1.8’ ಅಂತ ಬರುತ್ತದೆ. ಒಂದು ಮುಕ್ಕಾಲು ಗೋಲು ಹೊಡೆಯುವುದು ಹೇಗೆ ಮೇಡಂ?
(ಬ್ಯಾಂಕ್ ಉದ್ಯೋಗಿ, ಉಡುಪಿ)

ಉತ್ತರ: ನಿಮ್ಮ ಬ್ಯಾಂಕಿನಲ್ಲಿ ‘ನೂರು ಸಾಲದಲ್ಲಿ ಎರಡೂವರೆ ಸಾಲ ಮುಳುಗುತ್ತದೆ’ ಅನ್ನುತ್ತೀರಲ್ಲ, ಅರ್ಧ ಸಾಲ ಯಾರದು ಅಂತ ಕೇಳುವುದಿಲ್ಲವಲ್ಲ, ಹಾಗೆಯೇ ಇದು.

ಎಕ್ಸ್‌ಜಿ ಅಂದರೆ ‘ಎಕ್ಸ್‌ಪೆಕ್ಟೆಡ್ ಗೋಲ್ಸ್’, ನಿರೀಕ್ಷಿತ ಗೋಲು. ಹಿಂದಿನ ಸಾವಿರಾರು ಹೊಡೆತಗಳನ್ನು ಗುಡ್ಡೆ ಹಾಕಿಕೊಳ್ಳುತ್ತಾರೆ. ಎಷ್ಟು ದೂರದಿಂದ, ಯಾವ ಕೋನದಿಂದ, ಕಾಲಿಂದಲೋ ತಲೆಯಿಂದಲೋ ಎಂದು ವಿಂಗಡಿಸುತ್ತಾರೆ. ಒಂದೇ ಬಗೆಯ ನೂರು ಹೊಡೆತದಲ್ಲಿ ಹತ್ತು ಗೋಲಾಗಿದ್ದರೆ ಅಂಥ ಹೊಡೆತಕ್ಕೆ 0.1. ಪೆನಾಲ್ಟಿಗೆ ಸುಮಾರು 0.76ರಿಂದ 0.79. ತಂಡದ ಎಲ್ಲ ಹೊಡೆತಗಳದ್ದೂ ಕೂಡಿದರೆ ನಿಮ್ಮ 1.8. ಈ ಹೆಸರನ್ನು ಜನಪ್ರಿಯಗೊಳಿಸಿದ್ದು ಆಟದ ಅಂಕಿಅಂಶ ಕಲೆಹಾಕುವ ಆಪ್ಟಾ ಸಂಸ್ಥೆಯಲ್ಲಿದ್ದ ಸ್ಯಾಮ್ ಗ್ರೀನ್, 2012ರಲ್ಲಿ. 2017ರಿಂದ ಬಿಬಿಸಿಯ ಪಂದ್ಯದ ಕಾರ್ಯಕ್ರಮದಲ್ಲೂ ಬರತೊಡಗಿತು.

ಇದರಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. 0.1ರ ಎಂಟು ಹೊಡೆತ ಕೂಡಿದರೆ 0.8, ಒಂದು ಪೆನಾಲ್ಟಿಗಿಂತ ತುಸು ಹೆಚ್ಚೇ. ಆದರೆ ಎಂಟೂ ತಪ್ಪುವ ಸಂಭವ ಎಷ್ಟು? 0.9 ಅನ್ನು ಎಂಟು ಸಲ ಗುಣಿಸಿ: 0.43. ನೂರರಲ್ಲಿ 43 ದಿನ ಬರಿಗೈ. ಪೆನಾಲ್ಟಿ ಸಿಕ್ಕವನು ಬರಿಗೈಯಲ್ಲಿ ಹೋಗುವುದು ನೂರರಲ್ಲಿ 21ರಿಂದ 24 ದಿನ ಮಾತ್ರ. ಮೊದಲನೆಯವನಿಗೆ ಎರಡು ಮೂರು ಗೋಲು ಬೀಳುವ ದಿನಗಳೂ ಇರುತ್ತವೆ ಅನ್ನಿ. ಅದಕ್ಕೇ ಒಂದು ಪಂದ್ಯದ ಎಕ್ಸ್‌ಜಿ ಹಿಡಿದುಕೊಂಡು ‘ನಾವು ಗೆಲ್ಲಬೇಕಿತ್ತು’ ಎಂದು ಜಗಳಾಡಬೇಡಿ. ಹತ್ತು ಹದಿನೈದು ಪಂದ್ಯದ್ದು ಸಿಕ್ಕಾಗ ಜಗಳಾಡಿ.

ಪ್ರಶ್ನೆ: ಈ ಲೆಕ್ಕದಿಂದ ಬೆಟ್ಟಿಂಗ್‌ನಲ್ಲಿ ಗೆಲ್ಲಬಹುದೇ?
(ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಬೇಡ ಎಂದಿದ್ದೇ ಒಳ್ಳೆಯದಾಯಿತು. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್, ಬ್ರೈಟನ್‌ನ ಟೋನಿ ಬ್ಲೂಮ್ ಇಬ್ಬರೂ ಬೆಟ್ಟಿಂಗ್ ಲೆಕ್ಕದಿಂದಲೇ ದುಡ್ಡು ಮಾಡಿದವರು, ನಿಜ. ಅವರ ಹಿಂದೆ ಗಣಿತ ಕಲಿತವರ ದಂಡೇ ಇದೆ. ನಿಮ್ಮ ಹಿಂದೆ ಇರುವುದು ಒಂದು ಮೊಬೈಲ್. ಮುಂದಿನ ಪತ್ರ.

ಪ್ರಶ್ನೆ: ನಮ್ಮ ಕೋಚ್ ಸರ್ ‘ಮೂರು ಪಾಸ್ ಒಳಗೆ ಗೋಲಿಗೆ ಹೊಡೀರಿ, ಐದರಲ್ಲಿ ನಾಲ್ಕು ಗೋಲು ಹಾಗೇ ಬರೋದು, ಇಂಗ್ಲೆಂಡಲ್ಲಿ ಲೆಕ್ಕ ಹಾಕಿದ್ದಾರೆ’ ಅಂತಾರೆ. ಚೆಂಡು ಹಿಡಿದುಕೊಂಡು ಆಡಿದರೆ ಬೈತಾರೆ. ಲೆಕ್ಕ ನಿಜವಾ?
(ಮಿಡ್‌ಫೀಲ್ಡರ್, ಗೌತಮಪುರ, ಬೆಂಗಳೂರು)

ಉತ್ತರ: ಲೆಕ್ಕ ನಿಜ. ಅದರಿಂದ ತೆಗೆದ ತೀರ್ಮಾನ ಸುಳ್ಳು. ಈ ಪ್ರಶ್ನೆಗಾಗಿ ಕಾಯುತ್ತಿದ್ದೆ ಮಾರಾಯ!

ಚಾರ್ಲ್ಸ್ ರೀಪ್ ಎಂಬಾತ ಬ್ರಿಟಿಷ್ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಅಧಿಕಾರಿ. 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ಮತ್ತು ಬ್ರಿಸ್ಟಲ್ ರೋವರ್ಸ್ ಪಂದ್ಯ ನೋಡಲು ಹೋಗಿದ್ದ. ಮೊದಲಾರ್ಧದಲ್ಲಿ ಸ್ವಿಂಡನ್ ಮುನ್ನುಗ್ಗುವುದು, ಚೆಂಡು ಕಳೆದುಕೊಳ್ಳುವುದು, ಇದನ್ನೇ ನೋಡಿ ನೋಡಿ ತಲೆಕೆಟ್ಟು, ವಿರಾಮದ ಮೇಲೆ ಪೆನ್ಸಿಲ್ ಹಿಡಿದು ಪ್ರತಿ ದಾಳಿಯನ್ನೂ ಗುರುತು ಹಾಕತೊಡಗಿದ. ಅಲ್ಲಿಂದ ನಿಲ್ಲಿಸಲೇ ಇಲ್ಲ. 1958ರ ವಿಶ್ವಕಪ್ ಫೈನಲ್ ಪಂದ್ಯವನ್ನು ವಾಲ್‌ಪೇಪರ್ ಸುರುಳಿಯ ಮೇಲೆ ಬರೆದಿಟ್ಟ ಎನ್ನುತ್ತಾರೆ. ನನಗೆ ಈ ಮನುಷ್ಯನ ಮೇಲೆ ಪ್ರೀತಿ. ನಾನೂ ಅದೇ ಜಾತಿಯವಳು.

1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞರ ಜತೆಗೂಡಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧವನ್ನೂ ಬರೆದ. ಹತ್ತು ಹೊಡೆತಕ್ಕೆ ಸುಮಾರು ಒಂದು ಗೋಲು, ಮತ್ತು ಗೋಲುಗಳಲ್ಲಿ ಶೇಕಡಾ 80ರ ಆಸುಪಾಸು ಮೂರು ಅಥವಾ ಕಡಿಮೆ ಪಾಸಿನಲ್ಲಿ ಬಂದಂಥವು. ನಿಮ್ಮ ಸರ್ ಹೇಳುವುದು ಇದನ್ನೇ. ಈ ಮಾತು ನಂಬಿ ಇಂಗ್ಲೆಂಡಿನ ಎಷ್ಟೋ ತಂಡಗಳು ದಶಕಗಟ್ಟಲೆ ಚೆಂಡನ್ನು ಆಕಾಶಕ್ಕೆ ಹೊಡೆದವು.

ಈಗ ನಾನು ಕ್ಲಾಸಿನಲ್ಲಿ ಕೇಳುತ್ತಿದ್ದ ಪ್ರಶ್ನೆ: ಛೇದ ಎಲ್ಲಿ? ಭಿನ್ನರಾಶಿಯಲ್ಲಿ ಗೆರೆಯ ಕೆಳಗಿನ ಅಂಕಿ, ‘ಒಟ್ಟು ಎಷ್ಟರಲ್ಲಿ’ ಅನ್ನುವುದು. ಗೋಲುಗಳಲ್ಲಿ 80 ಪಾಲು ಸರಿ, ಒಟ್ಟು ದಾಳಿಗಳಲ್ಲಿ ಎಷ್ಟು ಪಾಲು ಮೂರು ಪಾಸಿನೊಳಗೆ ಮುಗಿಯುತ್ತಿದ್ದವು? ರೀಪ್ ಅವನದೇ ಪಟ್ಟಿಯಲ್ಲಿ ಉತ್ತರವಿದೆ: ಶೇಕಡಾ 90ಕ್ಕೂ ಮೇಲೆ. ಹೆಚ್ಚಿನ ದಾಳಿ ಎರಡು ಮೂರು ಪಾಸಿಗೇ ಕೆಡುವುದು ಫುಟ್‌ಬಾಲಿನ ಸ್ವಭಾವ.

ಲೆಕ್ಕ ಸುಲಭವಾಗಲೆಂದು ಸಾವಿರ ದಾಳಿ, ಹತ್ತು ಗೋಲು ಅಂದುಕೊಳ್ಳಿ. ಮೂರು ಪಾಸಿನೊಳಗಿನ ಚಿಕ್ಕ ದಾಳಿ 900, ಅದರಿಂದ 8 ಗೋಲು: ಸುಮಾರು 112ಕ್ಕೆ ಒಂದು. ಉದ್ದದ ದಾಳಿ 100, ಅದರಿಂದ 2 ಗೋಲು: 50ಕ್ಕೆ ಒಂದು. ಯಾವುದು ಲಾಭ? 2005ರಲ್ಲಿ ಮೈಕ್ ಹ್ಯೂಸ್, ಇಯಾನ್ ಫ್ರ್ಯಾಂಕ್ಸ್ ಎಂಬಿಬ್ಬರು ಈ ಬಗೆಯಲ್ಲೇ ಛೇದ ಇಟ್ಟು ನೋಡಿ ರೀಪ್‌ನ ತೀರ್ಮಾನವನ್ನು ಪ್ರಶ್ನಿಸಿದರು.

ಹಾಗಂತ ಇದನ್ನು ಕತ್ತರಿಸಿ ಕೋಚ್ ಸರ್ ಮುಂದೆ ಹಿಡಿಯುವ ಅವಸರ ಬೇಡ. ಒಂದರ ಮೇಲೊಂದು ಪಾಸ್ ಮಾಡುತ್ತ ಹೋಗಬಲ್ಲ ತಂಡ ಮೊದಲೇ ಒಳ್ಳೆಯ ತಂಡವಾಗಿರಬಹುದು. ಪಾಸಿನಿಂದ ಗೋಲೋ, ಒಳ್ಳೆಯ ಆಟಗಾರರಿಂದ ಎರಡೂ ಬಂತೋ? ಜತೆಗೆ, ಎದುರಾಳಿಯ ಗೋಲಿನ ಹತ್ತಿರವೇ ಚೆಂಡು ಕಿತ್ತುಕೊಂಡರೆ ಬೇಗ ಗೋಲಾಗುತ್ತದೆ ಅನ್ನುವುದನ್ನೂ ರೀಪ್ ಬರೆದಿದ್ದ. ಇವತ್ತಿನ ಪ್ರೆಸ್ಸಿಂಗ್ ಆಟದ ಬೀಜ ಅದರಲ್ಲೇ ಇದೆ. ಸರ್ ಹತ್ತಿರ ಹೀಗೆ ಕೇಳಿ ನೋಡಿ: ‘ಸರ್, ಮೂರು ಪಾಸು ಎಲ್ಲಿಂದ ಶುರು ಮಾಡೋದು, ನಮ್ಮ ಗೋಲಿಂದಲಾ ಅವರ ಗೋಲಿಂದಲಾ?’

ಇನ್ನೊಂದು ಮಾತು. ರೀಪ್ 1951ರಲ್ಲಿ ಸಲಹೆ ಕೊಡಲು ಹೋಗಿದ್ದ ಕ್ಲಬ್ ಯಾವುದು ಗೊತ್ತೇ? ಅದೇ ಬ್ರೆಂಟ್‌ಫರ್ಡ್. 70 ವರ್ಷದ ಮೇಲೆ, 2021ರಲ್ಲಿ, ಲೆಕ್ಕ ನಂಬಿಕೊಂಡೇ ಅದು ಪ್ರೀಮಿಯರ್ ಲೀಗಿಗೆ ಏರಿತು.

ಪ್ರಶ್ನೆ: ಪಂದ್ಯವನ್ನೇ ನೋಡದ ಕಂಪ್ಯೂಟರ್ ಕೋಚಿನ ಕಣ್ಣಿಗಿಂತ ದೊಡ್ಡದೇ?
(ನಿವೃತ್ತ ಗುಮಾಸ್ತರು, ಶಿವಮೊಗ್ಗ)

ಉತ್ತರ: ದೊಡ್ಡದಲ್ಲ. ಆದರೆ ಅದಕ್ಕೆ ಸ್ಕೋರ್ ನೋಡಿ ಸಿಟ್ಟು ಬರುವುದಿಲ್ಲ. 2014-15ರಲ್ಲಿ ಯೂರ್ಗನ್ ಕ್ಲಾಪ್ ಕೋಚ್ ಆಗಿದ್ದ ಡಾರ್ಟ್‌ಮುಂಡ್ ತಂಡ ಜರ್ಮನ್ ಲೀಗಿನ ತಳ ಕಂಡು ಕೊನೆಗೆ 7ನೇ ಸ್ಥಾನಕ್ಕೆ ಬಂದು ನಿಂತಿತು. ಕ್ಲಾಪ್ ಕಥೆ ಮುಗಿಯಿತು ಅಂದವರು ಬಹಳ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನಲ್ಲಿದ್ದ ಇಯಾನ್ ಗ್ರಹಾಂ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಅದೇ ಪಂದ್ಯಗಳ ಅಂಕಿ ಹಾಕಿ ನೋಡಿದಾಗ ತಂಡ ಚೆನ್ನಾಗಿಯೇ ಆಡಿತ್ತು, ಫಲಿತಾಂಶ ಮಾತ್ರ ಕೈಕೊಟ್ಟಿತ್ತು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದ ಮೇಲೆ ಗ್ರಹಾಂ ಹೋಗಿ ಡಾರ್ಟ್‌ಮುಂಡ್ ಮೈನ್ಸ್ ಎದುರು ಸೋತ ಪಂದ್ಯದ ಹಾಳೆ ಮುಂದಿಟ್ಟರಂತೆ. ನೀವು ಆ ಪಂದ್ಯ ನೋಡಿದ್ದಿರಾ ಎಂದು ಕ್ಲಾಪ್‌ಗೆ ಖುಷಿ. ಗ್ರಹಾಂ ನೋಡಿರಲಿಲ್ಲ! 2019ರಲ್ಲಿ ಲಿವರ್‌ಪೂಲ್ ಚಾಂಪಿಯನ್ಸ್ ಲೀಗ್ ಗೆದ್ದಿತು, ಮರುವರ್ಷ ಇಂಗ್ಲಿಷ್ ಲೀಗ್. ಹುಡುಗರ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದ್ದು ಕಂಪ್ಯೂಟರಲ್ಲ ಅನ್ನುವುದನ್ನೂ ನೆನಪಿಡೋಣ.

ಪ್ರಶ್ನೆ: ನಾನು ಹೈಸ್ಕೂಲು ಪಿ.ಟಿ. ಟೀಚರ್. ಕ್ಯಾಮೆರಾ ಇಲ್ಲ, ದುಡ್ಡಿಲ್ಲ. 14 ಹುಡುಗರು, ಎರಡು ಚೆಂಡು. ನಾನು ಏನನ್ನು ಎಣಿಸಬೇಕು?
(ಸೋಮವಾರಪೇಟೆ)

ಉತ್ತರ: ಮೊದಲು ನನ್ನದೊಂದು ತಪ್ಪು ಕೇಳಿ. 1984ರ ಮಳೆಗಾಲ. ತಮ್ಮ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆ ತಡೆಯುವವನು. ತಂಡಕ್ಕೆ ಬಿದ್ದ 14 ಗೋಲುಗಳಲ್ಲಿ 9 ಎಡಗಡೆಯಿಂದ ಬಂದಿವೆ ಎಂದು ನಾನು ದೊಡ್ಡ ಪಂಡಿತೆಯ ಹಾಗೆ ಅವರ ಕೋಚಿಗೆ ತೋರಿಸಿದೆ. ಮುಂದಿನ ಪಂದ್ಯಕ್ಕೆ ತಮ್ಮನನ್ನು ಕೂರಿಸಿದರು, ಆ ಸೀಸನ್ನಿಡೀ ಕೂರಿಸಿದರು. ಮನೆಯಲ್ಲಿ ಅವನು ನನ್ನ ಹತ್ತಿರ ಮಾತಾಡಿದ್ದು ಗಣೇಶ ಚೌತಿಗೆ.

ನಾಲ್ಕು ವರ್ಷ ಕಳೆದು ಪಾಠಕ್ಕೆ ಉದಾಹರಣೆ ಹುಡುಕುತ್ತ ಅದೇ ಪುಸ್ತಕ ತೆರೆದೆ. ಎದುರಾಳಿಯ ಪ್ರತಿ ದಾಳಿಗೂ ಬಾಣ ಹಾಕಿದ್ದೆ, ಕೂಡಿರಲಿಲ್ಲ. ಕೂಡಿದೆ. ಎಡಗಡೆ 126, ಬಲಗಡೆ 35. ಎಡದಲ್ಲಿ 14 ದಾಳಿಗೆ ಒಂದು ಗೋಲು, ಬಲದಲ್ಲಿ ಏಳಕ್ಕೆ ಒಂದು. ತಮ್ಮನ ಮುಂದಿದ್ದ ವಿಂಗರ್ ಹಿಂದಕ್ಕೆ ಓಡಿಬರುವವನೇ ಅಲ್ಲ, ಎದುರಾಳಿಗಳಿಗೆಲ್ಲ ಅದು ಗೊತ್ತಿತ್ತು, ಇಡೀ ಊರು ಆ ಕಡೆಯಿಂದಲೇ ನುಗ್ಗುತ್ತಿತ್ತು. ತಂಡದಲ್ಲಿ ಚೆನ್ನಾಗಿ ತಡೆಯುತ್ತಿದ್ದವನನ್ನೇ ನಾನು ಕೂರಿಸಿಬಿಟ್ಟಿದ್ದೆ. ಈಗಲೂ ನಾನು ಯಾವುದಾದರೂ ಅಂಕಿ ಹೇಳಿದರೆ ಅವನದು ಒಂದೇ ಮಾತು: ‘ಅಕ್ಕ, ಛೇದ ಎಲ್ಲಿ?’

ಹಾಗಾಗಿ ನಿಮಗೆ: ಒಂದು ಹಾಳೆಯಲ್ಲಿ ಮೈದಾನ ಬರೆಯಿರಿ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಂಬತ್ತು ಮನೆ. ಹೊರಗೆ ಕೂತ ಮೂವರು ಹುಡುಗರಲ್ಲಿ ಒಬ್ಬ ನಾವು ಚೆಂಡು ಕಳೆದುಕೊಂಡ ಮನೆಗೆ ಗೆರೆ ಎಳೆಯಲಿ, ಇನ್ನೊಬ್ಬ ಗಳಿಸಿದ ಮನೆಗೆ. ಮೂರನೆಯವನು ಎರಡೂ ಕಡೆಯ ಹೊಡೆತಗಳನ್ನು, ಗೋಲಾದರೂ ಆಗದಿದ್ದರೂ, ಹೊಡೆದ ಜಾಗದಲ್ಲೇ ಚುಕ್ಕೆ ಇಡಲಿ. ಇದಕ್ಕಿಂತ ಹೆಚ್ಚು ಬೇಡ. ಐದು ಪಂದ್ಯದವರೆಗೆ ಹುಡುಗರಿಗೆ ಏನೂ ಹೇಳಬೇಡಿ. ಹೇಳುವಾಗಲೂ ಒಬ್ಬನ ಹೆಸರಿಗೆ ಅಂಕಿ ಅಂಟಿಸುವ ಮುಂಚೆ ಚೆಂಡು ಅವನ ಹತ್ತಿರ ಎಷ್ಟು ಸಲ ಬಂದಿತ್ತು ಎಂದು ನೋಡಿಕೊಳ್ಳಿ.

ಪೆನ್ ಬೇಡ, ಪೆನ್ಸಿಲ್ ಕೊಡಿ. ನಿಮ್ಮ ಕಡೆಯ ಮಳೆ ನನಗೆ ಗೊತ್ತು.