ಲಿಂಕನ್ ಲೆಕ್ಕ ಒಪ್ಪಿಸಿದ ಸಂಜೆ

ನ್ಯೂಜೆರ್ಸಿಯ ಓದುಗರೊಬ್ಬರ ಪತ್ರ: ಅಮೆರಿಕದ ಅಧ್ಯಕ್ಷರ ಬಗ್ಗೆ ಬರೆಯುವ ಇತಿಹಾಸಕಾರರೊಬ್ಬರು ನ್ಯೂಯಾರ್ಕಿನ ಒಂದು ಸಾಂಸ್ಕೃತಿಕ ಸಂಸ್ಥೆಯಲ್ಲಿ ಉಪನ್ಯಾಸ ಕೊಟ್ಟರು. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ಸ್ಮಶಾನದಲ್ಲಿ ಮಾಡಿದ ಗೆಟಿಸ್‌ಬರ್ಗ್ ಭಾಷಣವನ್ನು ಲಿಂಕನ್ ರೈಲಿನಲ್ಲಿ ಕೂತು ಗೀಚಿದ ಎಂಬ ಕಥೆ ನಿಜವಲ್ಲವೆಂದು ತೋರಿಸಲು ಒಂದೇ ಹಸ್ತಪ್ರತಿಯ ಮೇಲೆ ಇಪ್ಪತ್ತು ನಿಮಿಷ ಕಳೆದರು. ಪರದೆಯ ಅಕ್ಷರ ಹಿಂದಿನ ಸಾಲಿಗೆ ಕಾಣಲೂ ಇಲ್ಲ. ನನಗಂತೂ ಬೇಸರವಾಯಿತು. ಇದು ಉಪನ್ಯಾಸವೋ, ಲೆಕ್ಕ ತಪಾಸಣೆಯೋ? ಸ್ಫೂರ್ತಿ ಕೊಡುವ ಕಥೆಯನ್ನು ಹಾಗೇ ಬಿಡಬಾರದೆ?

ಸಂಪಾದಕರ ಉತ್ತರ: ಅಕ್ಷರ ಕಾಣಲಿಲ್ಲವೆಂಬ ದೂರು ನ್ಯಾಯವಾದದ್ದು. ಹಸ್ತಪ್ರತಿಯ ಇಡೀ ಪುಟವನ್ನು ಪರದೆಗೆ ಹಾಕಿದರೆ ಹಿಂದೆ ಕೂತವರಿಗೆ ಅದು ಬರೀ ಮಾಸಲು ಬಣ್ಣ. ಪುಟವನ್ನು ಒಮ್ಮೆ ತೋರಿಸಿ, ಬೇಕಾದ ಎರಡೇ ಸಾಲನ್ನು ಹಿಗ್ಗಿಸಿ, ಗಟ್ಟಿಯಾಗಿ ಓದಬೇಕು. ಉಳಿದದ್ದನ್ನು ನಾನು ಒಪ್ಪಲಾರೆ.

ಆ ಪ್ರತಿಯನ್ನೇ ನೋಡಿ. 1863ರ ನವೆಂಬರ್ 19ರ ಆ ಭಾಷಣದ ಐದು ಪ್ರತಿಗಳು ಲಿಂಕನ್ ಕೈಬರಹದಲ್ಲಿ ಉಳಿದಿವೆ. ಲಿಂಕನ್‌ನ ಕಾರ್ಯದರ್ಶಿ ನಿಕೋಲೆಯ ಬಳಿ ಇದ್ದದ್ದು ಈಗ ವಾಷಿಂಗ್ಟನ್ನಿನ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಮೊದಲ ಪುಟ ಅಧ್ಯಕ್ಷರ ನಿವಾಸದ ಹೆಸರು ಅಚ್ಚಾದ ಹಾಳೆ, ಶಾಯಿಯ ಬರಹ. ಎರಡನೆಯದು ಬೇರೆ ಕಾಗದ, ಪೆನ್ಸಿಲ್ ಬರಹ. ಮೊದಲ ಪುಟದ ಕೊನೆಯ ಸಾಲಿನಲ್ಲಿ ಶಾಯಿಯ ಪದಗಳನ್ನು ಹೊಡೆದು ಪೆನ್ಸಿಲಿನಲ್ಲಿ ತಿದ್ದಿದೆ. ಕುಲುಕಾಡುವ ರೈಲಿನಲ್ಲಿ ಒಂದೇ ಉಸಿರಿಗೆ ಗೀಚಿದವರ ಹಾಳೆ ಹೀಗಿರುವುದಿಲ್ಲ. ರೈಲಿನ ಕಥೆಯನ್ನು ಮನೆಮನೆಗೆ ಮುಟ್ಟಿಸಿದ್ದು 1906ರ ಒಂದು ಸಣ್ಣಕಥೆ. ಇನ್ನೂ ಒಂದಿದೆ: ‘ಅಂಡರ್ ಗಾಡ್’ ಎಂಬ ಎರಡು ಪದ ಮೊದಲ ಎರಡು ಕರಡುಗಳಲ್ಲಿ ಇಲ್ಲ, ವರದಿಗಾರರು ಬರೆದುಕೊಂಡದ್ದರಲ್ಲಿ ಇದೆ. ಅಂದರೆ ಬಹುಶಃ ವೇದಿಕೆಯ ಮೇಲೆ ನಿಂತಾಗ ಬಾಯಿಗೆ ಬಂದ ಮಾತು. ನಿಮ್ಮ ರೈಲಿನ ಕಥೆಯಲ್ಲಿ ಇಷ್ಟು ಜೀವ ಎಲ್ಲಿದೆ?

ಲೆಕ್ಕ ತಪಾಸಣೆ ಎಂದಿರಲ್ಲ, ಅದೇ ನ್ಯೂಯಾರ್ಕಿನಲ್ಲಿ ಲಿಂಕನ್ ತಾನೇ ಲೆಕ್ಕ ಒಪ್ಪಿಸಿದ್ದ. 1860ರ ಫೆಬ್ರವರಿ 27, ಕೂಪರ್ ಯೂನಿಯನ್ ಕಾಲೇಜಿನ ಗ್ರೇಟ್ ಹಾಲ್, ಟಿಕೆಟ್ 25 ಸೆಂಟ್. ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ಹತೋಟಿಯಲ್ಲಿಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆಯೆಂದು ಸಂವಿಧಾನಕ್ಕೆ ಸಹಿ ಹಾಕಿದವರು ಒಪ್ಪಿದ್ದರೇ ಎಂಬುದು ಪ್ರಶ್ನೆ. ಸಹಿ ಮಾಡಿದ್ದು 39 ಮಂದಿ. 1784ರಿಂದ 1820ರವರೆಗೆ ಅವರು ಎಲ್ಲೆಲ್ಲಿ ಹೇಗೆ ಮತ ಹಾಕಿದರೆಂದು ಲಿಂಕನ್ ದಾಖಲೆ ಹುಡುಕಿದ. ಪ್ರತಿ ಸಲದ್ದನ್ನೂ ಕೂಡಿದರೆ 30 ಬರುತ್ತದೆ, ಆದರೆ ಐವರು ಎರಡೆರಡು ಸಲ, ಬಾಲ್ಡ್ವಿನ್ ಎಂಬವರು ಮೂರು ಸಲ ಎಣಿಕೆಯಾಗುತ್ತಾರೆ ಎಂದು ಸಭೆಗೇ ವಿವರಿಸಿ 23ಕ್ಕೆ ಇಳಿಸಿದ. ಅವರಲ್ಲಿ 21 ಮಂದಿ ಹೌದು ಎಂದವರು, ಇಬ್ಬರು ಇಲ್ಲ ಎಂದವರು. ನೇರ ದಾಖಲೆ ಸಿಗದ 16 ಮಂದಿಯೂ ‘ಬಹುಶಃ’ ಹಾಗೇ ನಡೆದುಕೊಳ್ಳುತ್ತಿದ್ದರು ಎಂದನೇ ಹೊರತು ಅವರನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಸಭೆ ಎದ್ದು ಹೋಗಲಿಲ್ಲ. ಮೇ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷ ಅವನನ್ನೇ ಅಧ್ಯಕ್ಷ ಪದವಿಗೆ ನಿಲ್ಲಿಸಿತು.

ಕಥೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮೂರಿನ ಸಾಕ್ಷಿಯೇ ಸಾಕು. ಶಿಕ್ಷಕರ ದಿನಾಚರಣೆ ಬಂತೆಂದರೆ ‘ಮಗನ ಮೇಷ್ಟರಿಗೆ ಲಿಂಕನ್ ಬರೆದ ಪತ್ರ’ ಶಾಲೆಯ ಗೋಡೆ, ಸ್ಮರಣ ಸಂಚಿಕೆ, ವಾಟ್ಸಾಪ್ ಎಲ್ಲ ಕಡೆ ಹರಿದಾಡುತ್ತದೆ. 1953ರಿಂದ ಅಚ್ಚಾದ ಲಿಂಕನ್ ಸಮಗ್ರ ಬರಹಗಳ ಸಂಪುಟಗಳಲ್ಲಿ ಅದಿಲ್ಲ. ಯಾವುದೇ ಪತ್ರ ಕೈಗೆ ಬಂದಾಗ ಕೇಳಬೇಕಾದ್ದು: ಯಾವ ತಾರೀಖು, ಯಾರಿಗೆ, ಮೂಲ ಎಲ್ಲಿದೆ, ಮೊದಲು ಅಚ್ಚಾದದ್ದು ಯಾವಾಗ. ಈ ಪತ್ರಕ್ಕೆ ಮೂಲಪ್ರತಿಯೇ ಇಲ್ಲ. ಆದರೂ ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬಹುಮಾನ ತರುತ್ತಾರೆ.

ಕೇಳುವ ಅಭ್ಯಾಸವನ್ನೇ ನಮ್ಮ ಸಭೆಗಳು ಕೊಂದಿವೆ. ಸ್ವಾಗತ, ಪರಿಚಯ, ಹಾರ, ಶಾಲು ಎಂದು ಅರ್ಧ ಗಂಟೆ ಹೋಗುತ್ತದೆ. ಕೊನೆಗೆ ‘ಸಮಯದ ಅಭಾವ’ ಎಂದು ಕತ್ತರಿ ಬೀಳುವುದು ಪ್ರಶ್ನೋತ್ತರಕ್ಕೇ. ಭಾಷಣಕಾರರು ಇಸವಿ ತಪ್ಪು ಹೇಳಿದರೂ ಚಪ್ಪಾಳೆ.

ನಿಮಗೆ ಬೇಸರವಾಯಿತೆಂದು ಬರೆದಿದ್ದೀರಿ, ಮಕ್ಕಳಿಗೆ ಆಯಿತೆಂದು ಬರೆದಿಲ್ಲ. ನಿಕೋಲೆ ಪ್ರತಿಯ ಚಿತ್ರ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಎರಡೂ ಪುಟದ ಪ್ರಿಂಟ್ ತೆಗೆದು ಅವರ ಮುಂದಿಡಿ. ಶಾಯಿ ಎಲ್ಲಿ ನಿಂತಿತು, ಪೆನ್ಸಿಲ್ ಎಲ್ಲಿ ಶುರುವಾಯಿತು, ಅವರೇ ಹುಡುಕಲಿ. ಏನು ಕಂಡಿತೆಂದು ಮುಂದಿನ ಪತ್ರವನ್ನು ಅವರ ಕೈಯಲ್ಲೇ ಬರೆಸಿ.